ನೀಲವ್ವನ ಎದೆಯುರಿಗೆ ಜೀರಿಗೆ ನೀರು

ನೀಲವ್ವಾ,

ಜೀರಿಗಿ ನೀರು ಕುದಿಸಿ ತಂಬಿಗ್ಯಾಗ ಇಟ್ಟೇನಿ. ಗುಡಿಯಿಂದ ಬಂದ ಕೂಡ್ಲೆ ಕುಡಿ. ಬಡೇಸೋಪು ಡಬ್ಬ್ಯಾಗ ಅದ, ಅಗಿ. ಊಟದ ಬದಲಿ ಚಹಾ ಕುಡದು ಅಡ್ಡಾಗಬ್ಯಾಡ, ಹುಳಿತೇಗು ಗಂಟಲಿಗೇ ಬರ್ತದ.

ಯಾರಿಗೆ ಹೇಳ್ಲಿ! ಬರ್ಮಾದ ಲಡಾಯಿಗೆ ಹೋದ ನಮ್ಮ ಮಗ ಈರಣ್ಣನ ಸುದ್ದಿ ಬರೂತನಕಾ ಅನ್ನ ಮುಟ್ಟೂದಿಲ್ಲಂತ ಹರಕಿ ಹೊತ್ತಾಕಿ ನೀ. ಹೆತ್ತ ಹೊಟ್ಟಿ ಖಾಲಿ ಇಟ್ಟರ ಆ ಉರಿಗೆ ಜೀರಿಗಿ ಏನ್ ಮಾಡೀತು?

ಇವತ್ತೂ ಕ್ಯಾಂಪಿನ ಮಿಲ್ಟ್ರಿ ಕಚೇರಿಗೆ ಹೋಗಿ ಕೇಳಿ ಬರ್ತೇನಿ. ಏನಂತಾರನ್ನೂದು ನಿನಗೂ ಗೊತ್ತದ, ನನಗೂ ಗೊತ್ತದ.

ನೀ ಕಟ್ಟಿದ ಬುತ್ತಿ ಒಲಿ ಕಡೆ ಬಿಟ್ಟು ಹೊಂಟೇನಿ. ನಿನ್ನೀದೂ ಮೊನ್ನೀದೂ ನಾ ಉಂಡಿಲ್ಲ, ಹಾದ್ಯಾಗ ಯಾರಿಗೋ ಕೊಟ್ಟೆ. ನನಗೂ ಎದಿ ಉರಿಯಾಕ ಹತ್ತೇದ.

ಆ ನೀರು ಎಲ್ಲಾ ಕುಡೀಬ್ಯಾಡ. ನನಗೂ ಅರ್ಧ ಇಡು.