ಖಲಾಸಿಗಳ ಡಬ್ಬಿ

ಜನವರಿ 12, ಸೋಮವಾರ

ಇವತ್ತೂ ಪೈನ್ ಮರ. ಎಂಬತ್ತು ಅಂಟಿಸಿದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಅಂಚಿನ ಹಳೆಯ ಪ್ರವಾಸಿ ಗ್ರಾಮದ ಪುಟ್ಟ ಮಾಡೆಲ್, ದುಬೈನ ಕೈಗಾರಿಕಾ ಪ್ರದೇಶ ಡಿಐಪಿಯ ನಮ್ಮ ವರ್ಕ್‌ಶಾಪಿನ ಮೇಜಿನ ಮೇಲೆ — ದಿಮ್ಮಿಗಳಿಂದ ಕಟ್ಟಿದ ರೈಲು ಸ್ಟೇಷನ್, ದೊಡ್ಡ ಹೋಟೆಲ್, ಪಕ್ಕದಲ್ಲೇ ಪಾತಾಳ. ಅಬುಧಾಬಿಯ ಪ್ರದರ್ಶನಕ್ಕೆ. ಟೋಪಿ ಹಾಕಿದ ಪ್ರವಾಸಿಗರು ನಲವತ್ತು. ಕೆಲಸಗಾರ ಒಬ್ಬನೂ ಇಲ್ಲ!

ಹಳಿ ಹಾಕಿದವರನ್ನು ಬಿಟ್ಟ ಚರಿತ್ರೆ ಸುಳ್ಳು ಚರಿತ್ರೆ — ಸೂಪರ್‌ವೈಸರ್ ಲಿಯೊನೆಲ್ ಅಂಕಲ್‌ಗೆ ಹೇಳಿಯೇ ಬಿಟ್ಟೆ.

“ಎಂತ ಡೆಬೊರಾ, ಮತ್ತೆ ಆ ಯೂನಿಯನ್ ಪಾಂಪ್ಲೆಟ್ ಓದಿದ್ಯಾ? ಆರ್ಡರ್ ಲಿಸ್ಟಲ್ಲಿ ಇಲ್ಲದ್ದು ಹಾಕಿದ್ರೆ ನಮ್ಮಿಬ್ಬರ ಕೆಲಸವೂ ಖಲಾಸ್ ಮಾರಾಯ್ತಿ.”

ಜನವರಿ 15

ಊಟದ ಬ್ರೇಕ್‌ನಲ್ಲಿ ಕದ್ದು ಮಾಡಿದೆ. ಹಳಿ ಕೆಲಸಗಾರರು, ನಾಲ್ಕು ಮಂದಿ. ಎರಡು ಸೆಂಟಿಮೀಟರ್ ಎತ್ತರ. ಪಪ್ಪಾ ಮಂಗಳೂರಿನಲ್ಲಿ ಹಳಿ ರಿಪೇರಿ ಮಾಡುವ ರೈಲ್ವೆ ಖಲಾಸಿ. ಬಾಗಿದ ಬೆನ್ನು ಅವರದೇ. ನಾಲ್ವರನ್ನೂ ಒಂದು ಡಬ್ಬಿಗೆ ಹಾಕಿ, ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಖಲಾಸಿ’ ಎಂದು ಬರೆದು ಮೇಜಿನ ಕೆಳಗಿಟ್ಟೆ. ಬಚ್ಚಿಡುವುದು ಹೇಡಿತನವೇ... ಇರಬಹುದು.

ಜನವರಿ 17, ಬೆಳಿಗ್ಗೆ 11

ಡಬ್ಬಿ ಇಲ್ಲ! ನಿನ್ನೆಯೇ ಮಾಡೆಲ್ ಜೊತೆ ಲಾರಿ ಹತ್ತಿದೆ. ಪ್ಯಾಕಿಂಗ್‌ನ ಮಸೂದ್‌ಗೆ ನನಗಿಂತ ಆಶ್ಚರ್ಯ: “ದೀದಿ, ಆಪ್‌ನೇ ತೋ ಖಲಾಸ್ ಲಿಖಾ ಥಾ!” ನಾನೇ ‘ಖಲಾಸ್’ ಎಂದು ಬರೆದಿದ್ದೆನಂತೆ; ಇಲ್ಲಿ ಎಲ್ಲರ ಬಾಯಲ್ಲೂ ಅದಕ್ಕೆ ‘ಮುಗಿಯಿತು’ ಎಂದರ್ಥ, ಕೆಲಸ ಮುಗಿದಿದೆ ಅಂದುಕೊಂಡನಂತೆ. ನಾನು ಬರೆದ ಕೊನೆಯ ಅಕ್ಷರ ‘I’ ಅವನಿಗೆ ಬರೀ ಗೀಟು.

ಅಬುಧಾಬಿಯವರು ನಾಲ್ವರನ್ನೂ ಹಳಿ ಪಕ್ಕ ಅಂಟಿಸಿಬಿಟ್ಟಿದ್ದಾರೆ. ಫೋಟೋ ಬಂತು. ಅಂಕಲ್ ಮುಖ ಕೆಂಪು. “ಸೋಮವಾರ ಬಾ ನನ್ನೊಟ್ಟಿಗೆ. ನಿನ್ನ ಕೈಯಲ್ಲೇ ಕೀಳ್ಬೇಕು.”

ಕೀಳುವುದಿಲ್ಲ. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಆದರೂ ಕೀಳುವುದಿಲ್ಲ.

ಜನವರಿ 19, ಸಂಜೆ. ಅಬುಧಾಬಿಯಿಂದ ವಾಪಸ್, ವ್ಯಾನ್‌ನಲ್ಲಿ

ಪ್ರದರ್ಶನ ನೋಡಿಕೊಳ್ಳುವವರು ಮಿನ್ಹಾ. ಉಳ್ಳಾಲದವರಂತೆ. ಮಾಡೆಲ್ ಮೇಲೆ ಬಗ್ಗಿ, “ಇವ ಎಂತ ಮಾಡ್ತಿದ್ದಾನೆ?”

“ಇವರು ಶ್ರಮಿಕ ವರ್ಗ—”

“ಅದು ಬಿಡಿ. ಕೈಯಲ್ಲಿ ಎಂತ?”

ಹಾರೆ ಎಂದೆ. ಹಳಿ ಓರೆಯಾದರೆ ಅದರಿಂದ ಸರಿಸುತ್ತಾರೆ. ಎಂಟು ಜನ ಒಟ್ಟಿಗೆ ಒತ್ತಬೇಕು, ಇಲ್ಲವಾದರೆ ಅಲ್ಲಾಡುವುದಿಲ್ಲ. ಇದು ಯಾವ ಪಾಂಪ್ಲೆಟ್‌ನಲ್ಲೂ ಇಲ್ಲ. ಪಪ್ಪಾ ಹೇಳಿದ್ದು.

ಮಿನ್ಹಾ ಎಣಿಸಿದರು. “ನಾಲ್ಕೇ ಉಂಟಲ್ಲ? ನಾಳೆ ಇನ್ನೂ ನಾಲ್ಕು ಕಳಿಸಿ.”

ಅಂಕಲ್ ಕೆಮ್ಮಿದರು. “ಲಿಸ್ಟಿಗೆ ಸೇರಿಸಿ ಮೇಡಂ, ಕೊಡ್ತೇವೆ.”

ಜನವರಿ 20, ಬೆಳಿಗ್ಗೆ 8

ಮೂವರು ತಯಾರು. ನಾಲ್ಕನೆಯವನ ಸೊಂಟ ಸರಿಬರುತ್ತಿಲ್ಲ. ಅಂಕಲ್ ಕನ್ನಡಕ ಏರಿಸಿ ಗೊಂಬೆಯನ್ನು ಕಸಿದುಕೊಂಡರು. “ಹೀಗೆ ನಿಂತ್ರೆ ಹಳಿ ಸರಿತದಾ? ಮಸೂದ್, ಇಧರ್ ಆ. ಬಗ್ಗಿ ನಿಲ್ಲು ನೋಡುವ!” ಮಸೂದ್ ಪೊರಕೆಯನ್ನೇ ಹಾರೆ ಮಾಡಿಕೊಂಡಿದ್ದಾನೆ. ನಗು ತಡೆಯಲಾಗದೆ ಅಲುಗಾಡುತ್ತಿದ್ದಾನೆ. ಅಂಕಲ್ ಕೂಗುತ್ತಿದ್ದಾರೆ, ಅಂಟು ಒಣಗು—