ಮಾವನ ಹೆಸರು

ನವೆಂಬರ್ ೧೪, ಬಿಷ್ಕೆಕ್

ಈ ತಿಂಗಳು ಮೂರು ಹೊಸ ಕಾದಂಬರಿ ಓದಿದೆ. ಮೊದಲನೆಯದರಲ್ಲಿ ಕುದುರೆಯೊಂದನ್ನು ಬಿಟ್ಟು ಎಲ್ಲರೂ ಭಾಷಣ ಮಾಡುತ್ತಾರೆ. ಎರಡನೆಯದು ಪರದೇಶದ ಬಹುಮಾನಕ್ಕೆಂದೇ ಹಿಂಡಿದ ಕಣ್ಣೀರು. ಮೂರನೆಯದು ಜಿಪಾರ್‌ಕುಲ್‌ದು; ಹಾಸ್ಟೆಲಿನಲ್ಲಿ ನನ್ನ ಪ್ರಬಂಧ ನೋಡಿ ಬರೆದುಕೊಳ್ಳುತ್ತಿದ್ದವಳದು. ತಪ್ಪು ಹುಡುಕಲೆಂದೇ ಓದಿದೆ, ಸಿಕ್ಕಿತು: ಸೊಸೆ ಮಾವನನ್ನು ಹೆಸರು ಹಿಡಿದು ಕೂಗುತ್ತಾಳೆ. ಅಲ್ಲೇ ಪುಸ್ತಕ ಮುಚ್ಚಿ ಅವಳಿಗೇ ಫೋನ್ ಮಾಡಿದೆ.

“ನಮ್ಮಲ್ಲಿ ಯಾವ ಸೊಸೆ ಅತ್ತೆ-ಮಾವನ ಹೆಸರು ಬಾಯಲ್ಲಿ ಹೇಳ್ತಾಳೆ ಕಣೇ? ಮದುವೆ ಆಗದವಳು ಬರೆದ್ರೆ ಹಿಂಗೇ.”

“ಮುಂದಿನ ಪುಟ ಓದಿದ್ಯಾ? ಓದು, ಆಮೇಲೆ ಬೈಯಿ,” ಅಂದಳು.

ಓದಿದೆ. ಮುದುಕನಿಗೆ ಮರೆವು. ಹಿಮದಲ್ಲಿ ದಾರಿ ತಪ್ಪಿ ನಡೆಯುತ್ತಿದ್ದಾನೆ. ‘ಮಾವಾ’ ಎಂದರೆ ತನ್ನನ್ನೇ ಎಂದು ತಿಳಿಯುವುದಿಲ್ಲ. ಹೆಸರು ಕೂಗಿದ ಮೇಲೆಯೇ ತಿರುಗಿದ.

ಹೊಟ್ಟೆ ಉರಿಯಿತು. ಆ ಪುಟ ನನ್ನದಾಗಬೇಕಿತ್ತು. ನನ್ನ ಅತ್ತೆಯೂ ಈಗೀಗ ‘ಅತ್ತೆ’ ಎಂದರೆ ತಿರುಗುವುದಿಲ್ಲ. ಇವತ್ತು ಎಣ್ಣೆಯಲ್ಲಿ ಕರಿದ ಬೋರ್ಸೊಕ್ ರೊಟ್ಟಿಯನ್ನು ಚಹಾದಲ್ಲಿ ಅದ್ದುತ್ತಾ, “ನೀನು ಯಾರ ಮನೆ ಹುಡುಗಿ?” ಎಂದು ಕೇಳಿದರು. ಅವರ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಜಿಪಾರ್‌ಕುಲ್ ಕಲ್ಪಿಸಿದ ಸೊಸೆಗಿರುವ ಧೈರ್ಯ ನನಗಿಲ್ಲ. ಯಾರೂ ನೋಡದ ಈ ಪುಟದಲ್ಲೂ ಅತ್ತೆಯ ಹೆಸರಿನ ಮೊದಲ ಅಕ್ಷರ ಬರೆದು, ಹೊಡೆದು ಹಾಕಿದೆ.