ಹಕೀಮರ ಸೋಡಾ ಕಾರ್ಖಾನೆ

ಕಮಲಾಪುರ
೧೨ ಏಪ್ರಿಲ್ ೨೦೨೫

ಮದಿಹಾ ಬೇಟಿಗೆ ಅಮ್ಮಿಯ ದುವಾ, ಅದರ ಹಿಂದೆಯೇ ಸಿಟ್ಟು.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆರನೆಯ ಇಯತ್ತೆಗೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ನೀನೇ ತಿದ್ದಿಕೋ. ಈ ತಿಂಗಳ ಕೊನೆಗೆ ಆಸ್ಪತ್ರೆಯ ಕೆಲಸ ಬಿಟ್ಟು, ನಿನ್ನ ಗೆಳತಿ ಯಶೋಧರಾ ಜೊತೆ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಸೋಡಾ-ಶರಬತ್ತಿನ ಅಂಗಡಿ ಹಾಕುತ್ತೀಯಂತೆ. ಯುನಾನಿ ಡಾಕ್ಟರಿಕೆ ಓದಿದ್ದು ನಿಂಬೆಹಣ್ಣು ಹಿಂಡುವುದಕ್ಕೇನು? ಗ್ಯಾಸಿನ ಸಿಲಿಂಡರು ಸಿಡಿದರೆ? ಯಶೋಧರಾ ಮದುವೆಯಾಗಿ ಹೊರಟುಹೋದರೆ? ಮಳೆಗಾಲದಲ್ಲಿ ಯಾರು ಕುಡಿಯುತ್ತಾರೆ? ಇದನ್ನೆಲ್ಲ ನೀನು ಯೋಚಿಸುವುದಿಲ್ಲ, ನಾನೇ ಯೋಚಿಸಬೇಕು.

ಅದರ ಮೇಲೆ ಬೋರ್ಡಿಗೆ ಹಾಕಲು ನನ್ನ ಮುತ್ತಜ್ಜ ಹಕೀಮ್ ಬುರ್ಹಾನುದ್ದೀನರ ಫೋಟೋ ಬೇಕಂತೆ. ನಮ್ಮ ಮನೆತನದ ಮೊದಲ ಉದ್ಯಮಿ ಅಂದೆಯಲ್ಲ, ನನಗೆ ನಗು ಬಂತು. ಮದುವೆ ಮನೆಗಳಲ್ಲಿ ನಿನ್ನ ಮಾಮೂ ಹೇಳುವ ಕಥೆ ಬಿಡು. ನಿಜಾಮರ ರೈಲಿಗೆ ಸೋಡಾ ಕೊಟ್ಟರಂತೆ! ಅವರ ಸ್ವಂತ ಮಗಳು, ನನ್ನ ಅಪ್ಪನ ತಾಯಿ ದಾದಿಮಾ ಶಾಹಜಾದಿ, ನನಗೆ ಹೇಳಿದ್ದನ್ನು ಕೇಳು.

ಆ ಮನುಷ್ಯ ಇದೇ ಕಮಲಾಪುರದಲ್ಲಿ ಹಕೀಮರಾಗಿದ್ದರು. ನಾಡಿ ನೋಡಿದರೆ ಕೈಗೆ ಬರುತ್ತಿದ್ದದ್ದು ಕೆಂಪು ಬಾಳೆಹಣ್ಣು. ಜೀವ ಉಳಿಸಿದರೆ ಇಡೀ ಗೊನೆ. ಮನೆಯಲ್ಲಿ ಹಣ್ಣು ಕೊಳೆತು ನೊಣ ಮುತ್ತುತ್ತಿದ್ದವಂತೆ. ಬೇಸತ್ತು ಔಷಧದ ಒರಳು ಮೂಲೆಗಿಟ್ಟರು, ಹೆಂಡತಿಯ ಬಳೆ ಮಾರಿ ಸೊಲ್ಲಾಪುರದಿಂದ ಗೋಲಿ ಸೋಡಾದ ಯಂತ್ರ ತಂದರು, ಕಲಬುರಗಿಯ ಸ್ಟೇಷನ್ ಹಾದಿಯಲ್ಲಿ ಕಾರ್ಖಾನೆ ತೆರೆದರು. ಕಾರ್ಖಾನೆ ಅಂದರೆ ಒಂದು ತಗಡಿನ ಕೋಣೆ. ಹೊಸ ಶೇರವಾನಿ ಹೊಲಿಸಿಕೊಂಡು ಮಾಲೀಕ ಅಂತ ಕುಂತರು.

ಕುಂತವರು ವ್ಯಾಪಾರ ಮಾಡಿದರೇನು? ಗಿರಾಕಿ ಬಂದರೆ ಮೊದಲು ನಾಲಿಗೆ ತೋರಿಸು ಅನ್ನುವುದು. ಕಣ್ಣಿನ ರೆಪ್ಪೆ ಎಳೆದು ನೋಡುವುದು. ಒಂದು ಸಲ ಬಿಸಿಲಲ್ಲಿ ಬೆಂದು ಬಂದ ಗಾಡಿಯವನೊಬ್ಬ ಸೋಡಾ ಕೇಳಿದನಂತೆ. ನೋಡಿದರು, ಶೀಸೆಯನ್ನು ತಿರುಗಿ ಒಳಗಿಟ್ಟರು.

"ಗಂಟಲ ಕೆಟ್ಟದ ನಿಂದು. ಸೋಡಾ ಕೊಡಂಗಿಲ್ಲ. ಮನಿಗಿ ಹೋಗಿ ಬಿಸಿನೀರ ಕುಡಿ."

"ಹಕೀಮಸಾಬ್, ರೊಕ್ಕ ಕೊಡಾಕತ್ತೀನ್ರೀ, ದವಾ ಕೇಳಿಲ್ಲ."

ಕೊಡಲಿಲ್ಲ. ಅವನು ರಸ್ತೆ ದಾಟಿ ಎದುರಿನ ಅಂಗಡಿಯಲ್ಲಿ ಎರಡು ಕುಡಿದ, ಸಾಯಲೂ ಇಲ್ಲ. ಆಮೇಲೆ ಊರವರಿಗೆ ಗೊತ್ತಾಯಿತು. ನಾಲಿಗೆ ತೋರಿಸಲು ಇಲ್ಲಿ, ಸೋಡಾ ಕುಡಿಯಲು ಅಲ್ಲಿ. ಹೆಂಡತಿ ಬುತ್ತಿ ತಂದವರು ಎಲ್ಲರೆದುರೇ, "ನಿಮ್ಮ ಸೋಡಾ ಕುಡೀಲಿಕ್ಕೆ ಪೈಲ್ವಾನರೇ ಬರಬೇಕು ನೋಡ್ರೀ" ಅಂದರಂತೆ. ಕಡೆಗೆ ಯಂತ್ರವನ್ನು ಆ ಎದುರಿನವನಿಗೇ ಮಾರಿ, ಬಾಳೆಹಣ್ಣಿನ ಊರಿಗೇ ವಾಪಸು ಬಂದರು. ಸಾಯುವವರೆಗೂ ಶೇರವಾನಿ ಮಾತ್ರ ಬಿಡಲಿಲ್ಲ. ಹಕೀಮರೂ ಅಲ್ಲ, ಸೇಠರೂ ಅಲ್ಲ. ಇಂಥವರನ್ನು ಬೋರ್ಡಿಗೇರಿಸುತ್ತೀಯಾ?

ನಿನ್ನದೂ ಅದೇ ಹಣೆಬರಹ ಆದೀತು. ಸಕ್ಕರೆ ಕಾಯಿಲೆಯವರು ಬಂದು ಶರಬತ್ತು ಕೇಳಿದರೆ ಕೊಡುತ್ತೀಯಾ? ಕೊಡುವುದಿಲ್ಲ. ಹೋದ ಈದಿಗೆ ಅದೇ ಕಾಯಿಲೆಯಿರುವ ನಿನ್ನ ಖಾಲಾಳ ಕೈಯಿಂದ ಶೀರಖುರ್ಮಾ ಪಾಯಸದ ಬಟ್ಟಲು ಕಿತ್ತುಕೊಂಡವಳು ನೀನು. ಅಂಥವಳಿಗೆ ಅಂಗಡಿ ಬೇರೆ.

ಫೋಟೋ ಕಳಿಸುವುದಿಲ್ಲ. ಕೆಲಸ ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಚಿಂತೆಯಲ್ಲೇ ಸವೆಯುತ್ತಿರುವ ಅಮ್ಮಿ
ಮಸ್ತಾನಬಿ

ತಾ.ಕ.: ಮೊನ್ನೆ ಗುರುವಾರ ದರ್ಗಾಕ್ಕೆ ಹೋಗುತ್ತೇನೆಂದು ನಿನ್ನ ಅಬ್ಬಾಗೆ ಹೇಳಿ ಕಲಬುರಗಿಗೆ ಬಂದಿದ್ದೆ. ನೀನು ಡ್ಯೂಟಿಯಲ್ಲಿದ್ದೆ. ನೀವಿಬ್ಬರೂ ಅಂಗಡಿಗೆಂದು ಗೊತ್ತುಮಾಡಿದ ಆ ಮಳಿಗೆ ನೋಡಿದೆ. ಅಲ್ಲಿಯ ಬೋರಿನ ನೀರು ಬಾಯಿಗಿಟ್ಟರೆ ಬರೀ ಉಪ್ಪು, ಅದರಲ್ಲಿ ಶರಬತ್ತು ಮಾಡಿದರೆ ನಾಯಿಯೂ ಮೂಸುವುದಿಲ್ಲ. ಮಳಿಗೆಯ ಮಾಲೀಕ ಅಣವೀರಪ್ಪನ ಜೊತೆ ಜಗಳಾಡಿ, ಶುಕ್ರವಾರದೊಳಗೆ ಸಿಹಿನೀರಿನ ನಳ ಹಾಕಿಸುವುದಾಗಿ ಒಪ್ಪಿಸಿ ಬಂದಿದ್ದೇನೆ. "ತಾವು ಯಾರ್ರೀ?" ಅಂತ ಕೇಳಿದ. ಅಂಗಡಿಯವಳು ಅಂದೆ.